ಸಮುದ್ರ ಎಲ್ಲೈತಿ

ಸ್ಟೇಶನ್ ಹೊರಗ ಬೇವಿನ ಗಿಡದ ಬುಡಕ
ನನ್ನದೊಂದ ಟಾಂಗಾ. ಉಳಿದದ್ದೆಲ್ಲಾ ಆಟೋ.
ನಮ್ಮಪ್ಪನ ಹಿತ್ತಾಳಿ ಬಿಲ್ಲೆ, ನಂಬರ ನಲವತ್ತೊಂದು,
ಈಗ ಯಾರೂ ತೋರಸಂತ ಕೇಳೂದಿಲ್ಲ,
ಆದರೂ ಜುಮ್ಮಾಕ್ಕೊಮ್ಮೆ ಹುಣಸಿಹಣ್ಣ ಹಚ್ಚಿ ತಿಕ್ಕತೀನಿ.

ಸೊಲ್ಲಾಪುರ ಗಾಡಿಯಿಂದ ಇಳದಾವ ಕರಿ ಮನಷ್ಯಾ, ಬೆಳ್ಳನ್ನ ಗಡ್ಡ,
ಕೈಯಾಗ ಹುಲ್ಲಿನ ಟೊಪಗಿ. ಜೋಡಿ ಭೌರಮ್ಮ,
ಕಾಲೇಜಿನ ಹುಡುಗಿ, ಅವನ ಮಾತ ನನಗ, ನನ್ನ ಮಾತ ಅವಗ
ದಾಟಸಾಕ.
"ಮೌಲಾ ಕಾಕಾ, ಇವರದು ನಡಗಡ್ಡಿ.
ಅದಕ್ಕೂ ಒಂದ ರಾಜಧಾನಿ ಐತಂತ.
ನಮ್ಮ ಕ್ವಾಟಿಯೊಳಗ ಅಂಥಾವ ಎರಡ ಹಿಡಸ್ತಾವಂತ."
ಊರ ಹೆಸರ ಹೇಳಿದ. ನನ್ನ ಬಾಯಾಗ ಕೂಡಲಿಲ್ಲ.
ಶೀಗಿ, ನನ್ನ ಕುದರಿ, ಕಿವಿ ನಿಗರಿಸಿದಳು.

ಹೊಂಟಿವಿ. ಗಾಂಧಿ ಚೌಕದಾಗ ಬಸ್ಸು ಅಡ್ಡ ಬಂತು,
ಕಂಡಕ್ಟರ್ ಸೀಟಿ ಊದಿದ, ಅವ ನಕ್ಕ.
ಅವರಲ್ಲಿ ಸಣ್ಣ ಬಸ್ಸಂತ, ಸೀಟಿ ಇಲ್ಲಂತ,
ಇಳಿಯಾವ ಮಾಡಕ್ಕ ಮುಷ್ಟೀಲೆ ಬಡದರ ನಿಂದ್ರತೈತಂತ.
ಗುಡ್ಡದ ಹೊಟ್ಟಿಯಾಗ ಒಂದ ಸುರಂಗ,
ಆ ಕಡಿ ಗಾಡಿ ಹಾಯೂತನಾ ಈ ಕಡಿಯಾವ ಕಾಯಬೇಕು,
ನಡದ ಹೋಗೂ ಮಂದಿ ಗ್ವಾಡಿಗಿ ಬೆನ್ನ ಹಚ್ಚಬೇಕು.
"ಮೊದಲ ಯಾರ ಹೋಗಬೇಕಂತ ಜಗಳ ಬರೂದಿಲ್ಲೇನು?" ಅಂದೆ.
ಭೌರಮ್ಮ ದಾಟಿಸಿದಳು. ಅವ ಸುಮ್ಮನಾದ. ಆಮ್ಯಾಲ ಅಂದ:
"ಅದ ಜಗಳಾನ ನಮ್ಮ ಇತಿಹಾಸ.
ಒಬ್ಬರು ಬಂದರು, ಇನ್ನೊಬ್ಬರು ಅವರನ್ನ ಓಡಿಸಿದರು,
ಓಡಿದವರು ತಿರುಗಿ ಬಂದರು.
ನಮ್ಮ ಅಜ್ಜಿಯ ಅಜ್ಜಿನ್ನ ಯಾರೂ ಕೇಳಲಿಲ್ಲ,
ಹಡಗದಾಗ ತುಂಬಿ ತಂದರು, ಕಬ್ಬಿನ ಹೊಲಕ್ಕ ಇಳಿಸಿದರು."

ಶೀಗಿ ಲದ್ದಿ ಹಾಕಿದಳು. ಆಟೋದಾವ ಬೈದ.

ಬುರುಜಿನ ಮ್ಯಾಲ ಮಲಿಕ್-ಎ-ಮೈದಾನ್.
ಸಿಂಹದ ಬಾಯಿ, ಹಲ್ಲಿನ ಸಂದ್ಯಾಗ ಆನಿ.
"ಬತ್ತಿ ಹಚ್ಚಿದಾವ ನೀರಿನ ಹೊಂಡಕ್ಕ ಜಿಗೀತಿದ್ದ,
ಕಿವಿ ಉಳಿಸಿಕೊಳ್ಳಾಕ." ನಮ್ಮಪ್ಪ ಹೇಳತಿದ್ದ, ನಾನೂ ಹೇಳತೀನಿ,
ಖರೇನೋ ಸುಳ್ಳೋ, ಬಾಡಿಗಿಯೊಳಗ ಹಿಡದದ್ದು.
ಅವ ತೋಪಿಗಿ ಅಂಗೈ ಇಟ್ಟ, ಜ್ವರ ನೋಡಿದಂಗ.
"ನಮ್ಮಲ್ಲಿ ತೋಪೆಲ್ಲಾ ಸಮುದ್ರದ ಕಡಿ ಮಾರಿ ಮಾಡ್ಯಾವ.
ಇದರ ಮುಂದ ಏನ ಇತ್ತು?"
"ಜ್ವಾಳ," ಅಂದೆ. "ಈಗ ಲೇಔಟ್."

"ಸಮುದ್ರ ಎಲ್ಲೈತಿ?" ಅಂತ ಕೇಳಿದ. ನಾವ ನಕ್ಕಿವಿ. ಅವ ನಗಲಿಲ್ಲ.
ಅವರೂರಾಗ ದಾರಿ ತಪ್ಪಿದರ ಇಳಕಲ ಹಿಡೀತಾರಂತ,
ಕೆಳಗ ಸಮುದ್ರ ಸಿಗತೈತಿ, ಅಲ್ಲಿಂದ ಮನಿ.
ನಾ ಚಾಬೂಕ ಎತ್ತಿ ಮೂಡಣಕ್ಕ ತೋರಿಸಿದೆ:
"ನಮ್ಮಲ್ಲಿ ದಾರಿ ತಪ್ಪಿದರ ಮ್ಯಾಲ ನೋಡತೀವಿ. ಅದ, ಗೋಳಗುಮ್ಮಟ."
ಆದರೂ ಮನಸಿಗಿ ಹತ್ತಲಿಲ್ಲ. ತಾಜ್ ಬಾವಡಿ ಕಡಿ ಹೊಳ್ಳಿಸಿದೆ,
ಪಾವಟಿಗಿ, ಹಸರ ನೀರು, ಒಂದ ಚಪ್ಪಲಿ ತೇಲತಿತ್ತು.
"ಇಷ್ಟ ನಮ್ಮ ಸಮುದ್ರ," ಅಂದೆ. ಅವ ಟೊಪಗಿ ತಗದ.

ಗುಮ್ಮಟಕ್ಕ ಅವರಿಬ್ಬರ ಏರಿದರು, ನನ್ನ ಮೊಣಕಾಲ ಒಲ್ಲೆ ಅಂದಾವು.
ಇಳದ ಬಂದ ಭೌರಮ್ಮ ಹೇಳಿದಳು:
ಅವ ಗ್ವಾಡಿಗಿ ಬಾಯಿ ಹಚ್ಚಿ ತನ್ನೂರ ಹೆಸರ ಪಿಸುಗುಟ್ಟಿದನಂತ.
ಅದ ವ್ಯಾಳ್ಯಾಕ್ಕ ಸಿಂದಗಿ ಸಾಲಿ ಹುಡುಗರು, ನೂರ ಮಂದಿ,
ಸೀಟಿ, ಚಪ್ಪಾಳಿ, ಒಬ್ಬನ್ನೊಬ್ಬ ಕರದದ್ದು.
ಆ ಗದ್ದಲ ಏಳ ಸಲ ತಿರುಗಿ ಬಂತು.
ಹೆಸರ ಬರಲಿಲ್ಲ.

ಬಾಡಿಗಿ ಕೊಟ್ಟ, ನಾ ಕೇಳಿದ್ದರ ಮ್ಯಾಲ ಐವತ್ತ.
ಹೋಗಾಕ ಮದಲ ಶೀಗಿ ಕಿವ್ಯಾಗ ಏನೋ ಅಂದ.
ಅಕಿ ಕಿವಿ ಝಾಡಿಸಿದಳು, ಒಂದ ಸಲ.

ರಾತ್ರಿ ಕಣಕಿ ಹಾಕೂಮುಂದ
ನಾನೂ ಅನ್ನಾಕ ನೋಡಿದೆ.
ಅರ್ಧಾ ಬಂತು.