ಹದಿನಾರು ವೋಲ್ಟು

ಗುತ್ತಲು ರಸ್ತೆಯ ಸಾಕಮ್ಮ ಟೀಚರ ಮನೆ.
ಬಾಗಿಲ ಕ್ಯಾಮೆರಾ ದಿನವಿಡೀ ಕಣ್ಣು ಬಿಟ್ಟಿರುತ್ತೆ:
ಬೀದಿ ನಾಯಿ, ಕಬ್ಬಿನ ಟ್ರ್ಯಾಕ್ಟರು,
ಎದುರುಮನೆ ಸೀಬೆಗಿಡದ ನೆರಳು, ಎಲ್ಲ ದಾಖಲು.
ಯಾರಾದರೂ ಬಂದು ಗುಂಡಿ ಒತ್ತಿದರೋ
ಆಗಲೇ ಕತ್ತಲು.

"ಮನುಷ್ಯರನ್ನ ಕಂಡ್ರೆ ಆಗಲ್ಲ ಕಣಪ್ಪ ಇದಕ್ಕೆ"
ಅಂದರು, ಕಾಫಿ ಲೋಟ ಕೈಗಿಟ್ಟು.

ತಂತಿ ಎಳೆದು ನೋಡಿದೆ. ಸರಿಯಾಗೇ ಇತ್ತು.
ಸ್ಕ್ರೂ ಬಿಗಿ ಮಾಡಿದೆ. ಅದೂ ಅಲ್ಲ.
ಮೀಟರಿನ ಕಡ್ಡಿಗಳನ್ನಿಟ್ಟು "ಒತ್ತಿ ಮೇಡಂ" ಅಂದೆ.
ಎಂಟರಲ್ಲಿದ್ದ ಮುಳ್ಳು ಐದಕ್ಕೆ ಕುಸಿಯಿತು,
ಏರಿನಲ್ಲಿ ಕಬ್ಬಿನ ಗಾಡಿಯ ಎತ್ತು
ಮಂಡಿಯೂರಿದ ಹಾಗೆ.

ಅಟ್ಟದ ಮೇಲೆ, ಹಳೇ ಉತ್ತರಪತ್ರಿಕೆಗಳ ಕಟ್ಟಿನ ಹಿಂದೆ,
ಗುಬ್ಬಿ ದನಿಯ ಬೆಲ್ಲಿಗೆಂದು ಯಾವಾಗಲೋ ಕೂರಿಸಿದ ಟ್ರಾನ್ಸ್‌ಫಾರ್ಮರ್.
ಎಂಟು ವೋಲ್ಟು.
ಚಿಲಿಪಿಲಿಗೆ ಸಾಕಾಗಿತ್ತು.
ಬಂದವರ ಮುಖ ನೋಡೋದಕ್ಕೆ ಹದಿನಾರು ಬೇಕು.

ಮೇನ್ ಇಳಿಸಿ, ಬದಲಿಸಿ, ಮತ್ತೆ ಏರಿಸಿ,
ಹೊರಗೆ ಹೋಗಿ ನಾನೇ ಒತ್ತಿದೆ.
ಒಳಗಿಂದ ನಗು:
"ಯಾರೋ ಟೆಸ್ಟರ್ ಕಚ್ಕೊಂಡು ನಿಂತವ್ರೆ!"
ಆ ಮನೆಯ ಮೊಬೈಲಿಗೆ ಬಿದ್ದ
ಮೊದಲನೇ ಮುಖ ನನ್ನದು.
ಎರಡು ದಿನದ ಗಡ್ಡ, ಕೆನ್ನೆಗೆ ಅಟ್ಟದ ಮಸಿ.

ಹಳೇದನ್ನು ಚೀಲಕ್ಕೆ ಹಾಕಿಕೊಂಡೆ.
ಇನ್ನೂ ಬೆಚ್ಚಗಿತ್ತು.