ನಡಾವಳಿ

ಹೆಲ್ಸಿಂಕಿ, ಫೆಬ್ರವರಿ. ಸಚಿವಾಲಯದ ಮೂರನೆಯ ಮಹಡಿ.
ಹನ್ನೊಂದು ಜನ, ಎರಡು ಥರ್ಮಾಸ್ ಕಾಫಿ, ಏಲಕ್ಕಿ ಹಾಕಿದ ಬನ್ನು.
ಕಿಟಕಿಯಾಚೆ ಮಂಜುಗಡ್ಡೆ ಒಡೆಯುವ ಹಡಗು
ಯಾರ ಸಲಹೆಯನ್ನೂ ಕೇಳದೆ ಹೊರಟಿದೆ.

ನಾನು ನಡಾವಳಿ ಬರೆಯುವ ಗುಮಾಸ್ತ.
ಮಾತಾಡುವ ಹಕ್ಕಿಲ್ಲ, ಅಲ್ಪವಿರಾಮದ ಹಕ್ಕಿದೆ.

ಕಡತದ ಹೆಸರು: ರಾಷ್ಟ್ರೀಯ ಕ್ವಾಂಟಂ ಯೋಜನೆ,
ಮುಂದಿನ ಹತ್ತು ವರ್ಷ, ಸರ್ಕಾರಕ್ಕೆ ಸಲಹೆ.
ತೊಡಕೆಂದರೆ ನಮ್ಮ ಭಾಷೆಗೆ ಭವಿಷ್ಯತ್ಕಾಲವೇ ಇಲ್ಲ.
ದೋಣಿ ನಾಳೆ ಹೋಗುತ್ತದೆ ಎನ್ನಲೂ
ಈಗ ಹೋಗುತ್ತದೆ ಎನ್ನಲೂ ಒಂದೇ ಕ್ರಿಯಾಪದ.
ಹಾಗಾಗಿ ಪುಟ ನಾಲ್ಕರಲ್ಲಿ
ದೇಶದ ಬಳಿ ಸಾವಿರ ಕ್ಯೂಬಿಟ್ಟಿನ ಯಂತ್ರ ಇದೆ.
ಪುಟ ಒಂಬತ್ತರಲ್ಲಿ ಅದಕ್ಕೆ ಹಣ ಇಲ್ಲ.
ಎರಡೂ ವರ್ತಮಾನ. ಯಾರಿಗೂ ವಿಚಿತ್ರವೆನಿಸಲಿಲ್ಲ.

ಬೆಳಗಿನಿಂದ ಒಂದು ಕ್ರಿಯಾಪದದ ಬಾಲ ಹಿಡಿದು ಜಗಳ.
ಸರ್ಕಾರ ಕೊಡಬೇಕು, ಎಂದರು ವಿಶ್ವವಿದ್ಯಾಲಯದವರು.
ಕೊಡಬಹುದು, ಎಂದರು ಹಣಕಾಸಿನವರು.
ರಕ್ಷಣಾ ಇಲಾಖೆಯ ಹುಡುಗ ಟೈ ಸಡಿಲಿಸುತ್ತ
ಕೊಟ್ಟಿದ್ದರೆ ಒಳ್ಳೆಯದಿತ್ತು, ಅಂದದ್ದು
ಕೆಮ್ಮೋ ಮಾತೋ ತಿಳಿಯಲಿಲ್ಲ.
ಅಧ್ಯಕ್ಷ ಅರ್ಮಾಸ್ ರೌತಿಯಾ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ,
ಆ ಪದವನ್ನೇ ಮೆಲ್ಲಗೆ ಎಳೆದು ಬಿಸಾಡಿದರು:
‘ಸರ್ಕಾರ ಪರಿಶೀಲಿಸುತ್ತದೆ.’
ಎಲ್ಲರೂ ಬನ್ನಿಗೆ ಕೈ ಚಾಚಿದರು.

ಹನ್ನೊಂದೂವರೆಗೆ ಒತಾನಿಯೆಮಿಯಿಂದ ಬಂದವರು
ತೆಲ್ಲೆರ್ವೊ ಕೊಯ್ವುಲಾ, ಶೀತಯಂತ್ರದ ತಂತ್ರಜ್ಞೆ.
ಉಣ್ಣೆಯ ಕೈಗವಸು ಮೇಜಿನ ಮೇಲಿಟ್ಟು ಕೂತರು.
ಮೂವತ್ತೊಂದು ವರ್ಷದಿಂದ ಆಕೆ
ತಾಮ್ರದ ತಟ್ಟೆಗಳನ್ನು ಒಂದರ ಕೆಳಗೊಂದು ತೂಗುಹಾಕಿ
ನಕ್ಷತ್ರಗಳ ನಡುವಿನ ಕತ್ತಲಿಗಿಂತ ತಣ್ಣಗೆ
ಒಂದು ಹಿಡಿಯಷ್ಟು ಜಾಗ ಮಾಡಿಕೊಟ್ಟಿದ್ದಾರೆ.
‘ಎಲ್ಲಿ ಸೋರುತ್ತಿದೆ ಅನ್ನೋದು
ಪಂಪಿನ ಸದ್ದು ಕೇಳಿಯೇ ಗೊತ್ತಾಗಬೇಕು,’ ಅಂದರು.
‘ಹಾಲು ಉಕ್ಕುವ ಮೊದಲು
ಪಕ್ಕದ ಕೋಣೆಯಲ್ಲಿದ್ದವರಿಗೂ ತಿಳಿಯುತ್ತದಲ್ಲ, ಹಾಗೆ.’

ಅಂಥವರು ದೇಶದಲ್ಲಿ ಎಷ್ಟು ಜನ?
ಆಕೆ ಬೆರಳು ಮಡಿಸಿದರು. ನಾಲ್ಕು.
ಆಮೇಲೆ ಒಂದನ್ನು ಬಿಡಿಸಿ
‘ಜೂನಿನಲ್ಲಿ ನಾನು ನಿವೃತ್ತಿಯಾಗುತ್ತೇನೆ’ ಎಂದರು.
ಅದೂ ವರ್ತಮಾನದಲ್ಲೇ.

ರೇಡಿಯೇಟರು ಟಿಕ್ ಎಂದಿತು.

ಮಧ್ಯಾಹ್ನ ಕರಡು ತಿದ್ದಿದೆವು. ನಾಲ್ಕು ಜನ
‘ಸೀಮಿತ ಮಾನವ ಸಂಪನ್ಮೂಲ’ ಆದರು,
ಹಾಲು ‘ಅನುಭವಜನ್ಯ ಕೌಶಲ’ವಾಯಿತು,
ಕೈಗವಸು ಎಲ್ಲೂ ಬರಲಿಲ್ಲ.
ಅದನ್ನಾಕೆ ನಿಜಕ್ಕೂ ಮರೆತು ಹೋಗಿದ್ದರು, ಮೇಜಿನ ಮೇಲೆ,
ಒಂದೇ ಒಂದು, ಎಡಗೈಯದು,
ಬೆರಳುಗಳು ಇನ್ನೂ ಎಣಿಸುತ್ತಿರುವ ಹಾಗೆ ಬಾಗಿ.

ಸಹಿಗೆ ಕಳಿಸುವ ಮೊದಲು
ಪುಟ ಹದಿನೇಳರ ಅಡಿಯಲ್ಲಿ ಐದು ಪದ ಸೇರಿಸಿದೆ:
‘ಜೂನಿಗೆ ಮೊದಲು ಅವರು ಇಬ್ಬರಿಗೆ ಕಲಿಸುತ್ತಾರೆ.’
ಸುಳ್ಳೋ, ಯೋಜನೆಯೋ?
ನಮ್ಮ ವ್ಯಾಕರಣ ತೀರ್ಪು ಕೊಡುವುದಿಲ್ಲ.
ರೌತಿಯಾ ಓದಿದರು. ಕನ್ನಡಕ ತೆಗೆದು
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನನ್ನು ನೋಡಿದರು.
ಸಹಿ ಹಾಕಿದರು.

ಕೈಗವಸನ್ನು ಜೇಬಿನಲ್ಲಿಟ್ಟುಕೊಂಡು ಮೆಟ್ರೊ ಹತ್ತಿದೆ.
ಪ್ರಯೋಗಾಲಯ ಆರಕ್ಕೆ ಮುಚ್ಚುತ್ತದೆ.
ಈಗ ಐದೂ ನಲವತ್ತು.