ಬಾಯಿ ಕೆಳಗಿರಲಿ

ಲೆನ್ಸ್ ಬಿಚ್ಚುವಾಗ ಕ್ಯಾಮೆರಾದ ಬಾಯಿ ಕೆಳಗಿರಲಿ, ಅಂದಿದ್ದರು
ದಸ್ತಗೀರ್ ಸಾಬರು, ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ
ವಾಚ್ ರಿಪೇರಿಯವನ ಅರ್ಧ ಮೇಜು ಬಾಡಿಗೆ ಹಿಡಿದವರು.
ಬೋರಲು ಹಿಡಿ. ಉಸಿರು ಕಟ್ಟು. ಮೂರೆಣಿಸುವುದರೊಳಗೆ ಮುಚ್ಚು.
ಬಾಯಲ್ಲಿ ಊದಬೇಡ, ನಿನ್ನೆಯ ಸಾರು ಒಳಗೆ ಹೋಗುತ್ತೆ.
ಸೆರಗಲ್ಲಿ ಒರೆಸಿದೆಯೋ, ಈ ಮೆಟ್ಟಿಲು ಹತ್ತಬೇಡ.

ನನ್ನ ಸ್ಟುಡಿಯೋ ಪೇರೇಸಂದ್ರದಲ್ಲಿ, ಹೈವೇಗೆ ಮುಖ ಮಾಡಿ.
ಲಾರಿ ಹೋದಾಗೆಲ್ಲ ಷೋಕೇಸಿನ ಮದುಮಕ್ಕಳು ಒಮ್ಮೆ ನಡುಗುತ್ತಾರೆ.
ತೇವ ಹೀರಲೆಂದು ಅಕ್ಕಿ ಡಬ್ಬಿಯಲ್ಲಿಡುತ್ತಿದ್ದೆ ಕ್ಯಾಮೆರಾ;
ಅಕ್ಕಿಗೂ ಧೂಳುಂಟೆಂದು ಗೊತ್ತಾದದ್ದು ಒಂದು ಮದುವೆ ಕೆಟ್ಟ ಮೇಲೆ.
ನೂರಾ ನಲವತ್ತು ಫೋಟೋ, ಬಲಗಡೆ ಮೇಲೆ ಅದೇ ಚುಕ್ಕೆ,
ಧಾರೆಯಲ್ಲಿ ಸೋದರಮಾವನ ಪೇಟದ ಮೇಲೆ,
ಪಂಕ್ತಿಯಲ್ಲಿ ಬಡಿಸುವವನ ಕೆನ್ನೆಯ ಮೇಲೆ.
ದೃಷ್ಟಿಬೊಟ್ಟು ಅಂದುಕೊಳ್ಳಿ, ಅಂದೆ.
ದುಡ್ಡು ಕೊಡಲಿಲ್ಲ.

ಅಂದಿನಿಂದ, ಅತ್ತೆಯ ಸ್ನಾನ ಮುಗಿದು ಸ್ವಲ್ಪ ಹೊತ್ತಿಗೆ
ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತೇನೆ.
ಹಬೆ ಇಳಿಯುವಾಗ ಗಾಳಿಯ ಧೂಳನ್ನೂ ಕೈಹಿಡಿದು ಇಳಿಸಿರುತ್ತದೆ.
ಸೀಗೆಪುಡಿ ಡಬ್ಬಿ ಮೊದಲೇ ಹೊರಗೆ.
ರಬ್ಬರ್ ಬುರುಡೆ ಒತ್ತಿ, ಟಾರ್ಚು ಹಿಡಿದು,
ಹಸುಳೆಯ ಕಿವಿ ನೋಡುವ ಹಾಗೆ ನೋಡುತ್ತೇನೆ.
ಒಳಗೇನೇ ಅಷ್ಟು ಹೊತ್ತು? ಸ್ನಾನ, ಅನ್ನುತ್ತೇನೆ.
ಯಾರಿಗೆ ಅಂತ ಹೇಳುವುದಿಲ್ಲ.

ನಲ್ಲಗುಟ್ಟಪಲ್ಲಿಯ ಮುನಿನಂಜಮ್ಮ ಬಂದದ್ದು ಮಾಘದಲ್ಲಿ.
ಕ್ರಷರಿನ ಧೂಳು ಫೋಟೋದಲ್ಲಿ ಬೇಕು, ಅರ್ಜಿ ಜೊತೆ ಇಡೋಕೆ.
ಹುಳ ಸೊಪ್ಪು ಮುಟ್ತಿಲ್ಲ. ತೊಳೆದು ಹಾಕಿದರೆ ಒದ್ದೆ, ರೋಗ.
ಹೋದಾಗ ಕಂಡೆ: ಜಗಲಿಯಲ್ಲಿ ಕೂತು
ಹಿಪ್ಪುನೇರಳೆ ಎಲೆ ಒಂದೊಂದಾಗಿ ಒರೆಸುತ್ತಿದ್ದಳು,
ಹಳೆ ಪಂಚೆಯ ಚೂರಲ್ಲಿ, ನಡುವಿನಿಂದ ಅಂಚಿಗೆ, ಒತ್ತದೆ.
ಸಾಬರು ನೋಡಿದ್ದರೆ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದರು.

ನನ್ನ ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ, ಸಂದಿಗೆಲ್ಲ ಟೇಪು.
ಆ ಊರಲ್ಲಿ ಅಷ್ಟು ಭದ್ರವಾಗಿದ್ದ ಜೀವ ಅದೊಂದೇ.
ಮೂಗು ಸುರಿಸುತ್ತ ಒಬ್ಬ ಹುಡುಗ ಕೇಳಿದ,
ಅಕ್ಕಾ, ಅದಕ್ಕೂ ಕೆಮ್ಮು ಬರ್ತದಾ?

ಧೂಳು ಕಾಣುವುದು ಬೆಳಕಿಗೆ ಎದುರು ನಿಂತರೆ ಮಾತ್ರ.
ಸಂಜೆ ಐದೂವರೆಗೆ ನಿಂತೆ. ಬಂಡೆಯ ಆಚೆ ಸೂರ್ಯ,
ಈಚೆ ಎದ್ದದ್ದೆಲ್ಲ ಜೇನಿನ ಬಣ್ಣ. ಒಂದು ಚುಕ್ಕೆಯೂ ಇಲ್ಲ.
ಇಷ್ಟು ವರ್ಷದಲ್ಲಿ ಅಷ್ಟು ಶುದ್ಧ ಚಿತ್ರ ತೆಗೆದಿರಲಿಲ್ಲ ನಾನು.
ಆಫೀಸಿನವರು ತಿರುವಿ ಮುರುವಿ ನೋಡಿದರು.
ಚೆನ್ನಾಗಿದೆಯಮ್ಮ, ನಂದಿ ಬೆಟ್ಟದ ಮಂಜಾ?
ಕ್ಯಾಲೆಂಡರಿನವರಿಗೆ ಕಳಿಸಿ.

ಮಾರನೇ ದಿನ ಹಳೇ ಕ್ಯಾಮೆರಾ ಹಿಡಿದು ಹೋದೆ.
ಕ್ರಷರ್ ಗೇಟಿನೆದುರು, ಲಾರಿ ತುಂಬುವ ಹೊತ್ತಿಗೆ,
ಲೆನ್ಸ್ ಬಿಚ್ಚಿ, ಒಳಗಿನ ಕನ್ನಡಿ ಎತ್ತಿ, ಪರದೆ ತೆರೆದು,
ಬಾಯಿ ಮೇಲೆ ಮಾಡಿ ಹಿಡಿದೆ.
ಮೂರಲ್ಲ, ಮುನ್ನೂರು ಎಣಿಸಿದೆ.
ಕೈ ಸೋತಿತು. ಇಳಿಸಲಿಲ್ಲ.
ಆಮೇಲೆ ಮುನಿನಂಜಮ್ಮನ ಸುಣ್ಣದ ಗೋಡೆ ತೆಗೆದೆ, ಬರೀ ಗೋಡೆ.
ಶಾಲೆಯ ಮೇಲಿನ ಆಕಾಶ, ಬರೀ ಆಕಾಶ.
ತೊಟ್ಟಿಲಲ್ಲಿ ಮಲಗಿದ್ದ ಮೊಮ್ಮಗಳು.
ರಾಗಿ ಚೆಲ್ಲಿದಂತೆ ಎಲ್ಲದರ ಮೇಲೂ.

ಕ್ಯಾಮೆರಾ ಕೆಟ್ಟಿದೆ, ಅಂದರು ಆಫೀಸಿನಲ್ಲಿ.
ಹೌದು ಸಾರ್, ಐದು ನಿಮಿಷ ಅಲ್ಲಿ ಬಾಯಿ ತೆರೆದು ನಿಂತಿತ್ತು.
ಅರ್ಜಿಗೆ ಸೀಲು ಬಿತ್ತು. ಅಷ್ಟೇ, ಇನ್ನೂ.

ಸಾಬರು ಬೈಯಲಿಲ್ಲ.
ಕನ್ನಡಕದ ಮೇಲೆ ಇನ್ನೊಂದು ಗಾಜು ಸಿಕ್ಕಿಸಿಕೊಂಡು
ಇಡೀ ಮಧ್ಯಾಹ್ನ ಕೂತು ಹೊರತೆಗೆದದ್ದನ್ನು
ಚೀಟಿಯಲ್ಲಿ ಮಡಚಿ ಕೊಟ್ಟರು, ಹಕೀಮರ ಪುಡಿಯ ಹಾಗೆ.
ಹೊರಗೆ ಗಾಳಿ ಎದ್ದಿತ್ತು.
ಒಂದು ಕಣವೂ ಹಾರದಂತೆ ಮುಷ್ಟಿ ಬಿಗಿಹಿಡಿದು
ಬಸ್ಸು ಹತ್ತಿದೆ.